ತಪ್ಪು ಉತ್ತರಕ್ಕೆ ರೈಟ್ ಹಾಕಿದ ಲತಾಮಣಿ

ಹಳೇಬೀಡಿನ ಲತಾಮಣಿ ಒಮ್ಮೆಯೂ ವಿಮಾನ ಹತ್ತಿದವಳಲ್ಲ. ಆದರೆ ವಿಮಾನ ಯಾಕೆ ಮೇಲೇಳುತ್ತದೆ, ಹೇಗೆ ತಿರುಗುತ್ತದೆ, ಯಾವಾಗ ಬೀಳುತ್ತದೆ ಎಂಬುದನ್ನು ಅವಳಷ್ಟು ಬಿಡಿಸಿ ಹೇಳುವವರು ಬೇಲೂರು ತಾಲೂಕಿನಲ್ಲಿ ಇನ್ನೊಬ್ಬರು ಇದ್ದಿರಲಾರರು. ವಯಸ್ಸು ಇಪ್ಪತ್ತೆಂಟು. ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಅಪ್ಪ ದ್ಯಾವಯ್ಯ ಪಂಚಾಯಿತಿಯಲ್ಲಿ ನೀರುಗಂಟಿಯಾಗಿದ್ದವರು. ಬೀದಿ ಬೀದಿಯ ನಲ್ಲಿಗೆ ನೀರು ಬಿಡುತ್ತಲೇ ಮಗಳನ್ನು ಹಾಸನದಲ್ಲಿ ಬಿ.ಎಸ್ಸಿ. ಓದಿಸಿದ್ದರು.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಲತಾಮಣಿ ವಾಯುಪಡೆಯ ಅಧಿಕಾರಿ ಹುದ್ದೆಗೆ ಪರೀಕ್ಷೆ ಬರೆದಿದ್ದಳು. ಪಾಸಾದಳು. ಮೈಸೂರಿಗೆ ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ಐದು ದಿನ ಮಾತಾಡಿಸಿದರು, ಹಗ್ಗ ಹತ್ತಿಸಿದರು, ಕಥೆ ಬರೆಸಿದರು. ಇಂಗ್ಲಿಷ್ ಸರಾಗವಾಗಿ ಬಾರದಿದ್ದರೂ ಆಯ್ಕೆಯಾದ ನಾಲ್ವರಲ್ಲಿ ಅವಳೂ ಒಬ್ಬಳಾದಳು. ಉಳಿದಿದ್ದದ್ದು ಪೈಲಟ್ ಆಗಲು ತಕ್ಕವರೇ ಎಂದು ನೋಡುವ ಯಂತ್ರದ ಪರೀಕ್ಷೆ ಒಂದೇ. ಕಂಪ್ಯೂಟರಿನ ಪರದೆಯ ಮೇಲೆ ವಿಮಾನದ ಡಯಲುಗಳು ಬರುತ್ತವೆ. ಅವನ್ನು ನೋಡಿ ವಿಮಾನ ಯಾವ ಕಡೆ ವಾಲಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಕೆಲವೇ ಸೆಕೆಂಡುಗಳಲ್ಲಿ ಹೇಳಬೇಕು. ಲತಾಮಣಿ ಅಂಥ ಡಯಲನ್ನು ಅದಕ್ಕೆ ಮುಂಚೆ ಕಂಡೇ ಇರಲಿಲ್ಲ. ಒಂದು ಡಯಲಿನಲ್ಲಿ ಪುಟ್ಟ ವಿಮಾನದ ಗುರುತು, ಅದರ ಹಿಂದೆ ನೆಲಕ್ಕೂ ಆಕಾಶಕ್ಕೂ ನಡುವಿನ ಗೆರೆ. ಗೆರೆ ಬಲಕ್ಕೆ ವಾಲಿದ್ದರೆ ವಿಮಾನವೂ ಬಲಕ್ಕೆ ವಾಲಿದೆ ಎಂದುಕೊಂಡಳು. ನಿಜ ಅದಕ್ಕೆ ತಿರುಗುಮುರುಗು. ವಿಮಾನ ಎಡಕ್ಕೆ ವಾಲಿದಾಗಲೇ ಒಳಗೆ ಕೂತವರಿಗೆ ಗೆರೆ ಬಲಕ್ಕೆ ವಾಲಿದಂತೆ ಕಾಣುವುದು. ಅಂಥ ಪ್ರಶ್ನೆಗೆಲ್ಲ ಉಲ್ಟಾ ಉತ್ತರ ಕೊಟ್ಟು ಹೊರಗೆ ಬಂದಳು.

ಆ ಪರೀಕ್ಷೆಯಲ್ಲಿ ಒಮ್ಮೆ ಫೇಲಾದವರಿಗೆ ಜೀವಮಾನದಲ್ಲಿ ಇನ್ನೊಂದು ಅವಕಾಶವಿಲ್ಲ. ನೆಲದ ಮೇಲಿನ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು, ಆದರೆ ಲತಾಮಣಿ ಸಿಟ್ಟಿನಲ್ಲಿ ಹಾಕಲಿಲ್ಲ. ಸಿಟ್ಟು ಇಳಿಯುವಷ್ಟರಲ್ಲಿ ವಯಸ್ಸು ಮೀರಿತ್ತು. ಅಷ್ಟರಲ್ಲಿ ಅವಳೊಂದು ವಿಚಿತ್ರ ಕೆಲಸಕ್ಕೆ ಬಿದ್ದಿದ್ದಳು. ಯಾವುದು ಗೊತ್ತಿಲ್ಲದೆ ಸೋತಿದ್ದಳೋ ಅದನ್ನೆಲ್ಲ ಕೂತು ಓದಿದಳು. ಹಳೆಯ ಪುಸ್ತಕ ತರಿಸಿದಳು, ಮೂರು ನೋಟ್‌ಬುಕ್ ತುಂಬಾ ಡಯಲುಗಳನ್ನು ಬರೆದಳು.

ಹೀಗಿರುವಾಗ ಒಂದು ಭಾನುವಾರ ಅರಸೀಕೆರೆಯಿಂದ ಚಿಕ್ಕಪ್ಪ ರವಿಕುಮಾರ್ ಬಂದರು. ರೈಲ್ವೆಯಲ್ಲಿ ಟಿಕೆಟ್ ಕೌಂಟರಿನ ಕೆಲಸ ಅವರದು. ಬುದ್ಧ ಪೂರ್ಣಿಮೆಗೋ ಮದುವೆಗೋ ಬಿಟ್ಟರೆ ಹಳೇಬೀಡಿಗೆ ಬರುವವರಲ್ಲ. ಜೊತೆಯಲ್ಲಿ ಮಗಳು ಅಕ್ಷತಾ ಇದ್ದಳು. ಅವರ ಕೈಯಲ್ಲಿ ದೊಡ್ಡ ಸ್ವೀಟ್ ಬಾಕ್ಸ್.

"ಅತ್ತಿಗೆ, ಬಾಯಿ ಸಿಹಿ ಮಾಡ್ಕೊಳ್ಳಿ. ಅಕ್ಷತಾ ಏರ್‌ಫೋರ್ಸ್ ಪರೀಕ್ಷೆ ಪಾಸಾಗವ್ಳೆ. ಮುಂದಿನ ತಿಂಗಳು ಮೈಸೂರಿಗೆ ಇಂಟರ್‌ವ್ಯೂ," ಎಂದರು ರವಿಕುಮಾರ್.

ಲತಾಮಣಿಯ ಅವ್ವ ಮುತ್ತಮ್ಮ ಅಕ್ಷತಾಳ ಕೆನ್ನೆ ಸವರಿ ನೆಟಿಗೆ ಮುರಿದಳು. "ನನ್ ಬಂಗಾರ! ಇಮಾನ ಓಡುಸ್ತೀಯೇನವ್ವ ನೀನು?"

ಮೈಸೂರಿಂದ ತಾನು ಬರಿಗೈಯಲ್ಲಿ ಬಂದ ದಿನ ಅವ್ವ "ಹೋಗ್ಲಿ ಬುಡು, ಹೆಣ್ ಮಕ್ಳಿಗೆ ಯಾಕದು" ಎಂದಿದ್ದನ್ನು ಲತಾಮಣಿ ಮರೆತಿರಲಿಲ್ಲ.

"ಲತಾ, ನಿಂಗೆ ಅಲ್ಲಿಂದೆಲ್ಲ ಗೊತ್ತಲ್ಲ. ಇವಳಿಗೆ ವಿಮಾನದ್ದು ಒಂದಷ್ಟು ಹೇಳ್ಕೊಡವ್ವ," ಎಂದರು ಚಿಕ್ಕಪ್ಪ. "ಇಂಟರ್‌ವ್ಯೂಗೆ ಬೆಂಗಳೂರಲ್ಲಿ ಕೋಚಿಂಗ್ ಕೊಡ್ಸಿದೀನಿ. ಆ ಮೆಷೀನ್ ಪರೀಕ್ಷೆದೊಂದೇ ಭಯ."

ಆಗಲಿ ಎಂದಳು ಲತಾಮಣಿ. ಬೇರೇನೂ ಹೇಳುವಂತಿರಲಿಲ್ಲ.

ಅಂದಿನಿಂದ ಭಾನುವಾರ ಭಾನುವಾರ ಅಕ್ಷತಾ ಬರತೊಡಗಿದಳು. ಇಪ್ಪತ್ತೆರಡರ ಹುಡುಗಿ, ಹಾಸನದಲ್ಲಿ ಎಂಜಿನಿಯರಿಂಗಿನ ಕೊನೆಯ ಸೆಮಿಸ್ಟರ್. ಎತ್ತರ, ಕಣ್ಣಿಗೆ ಕನ್ನಡಕವಿಲ್ಲ, ಮಾತಿಗೆ ತಡವರಿಕೆಯಿಲ್ಲ. ಲತಾಮಣಿ ಅವಳ ಒಂದೊಂದನ್ನೂ ಅಳೆದು ನೋಡಿದಳು. ಓಡಲೆಂದೇ ಕೊಂಡ ಶೂ. ಅಪ್ಪನೇ ಹೊತ್ತು ತಂದು ಬಸ್ಸಿನಲ್ಲಿಡುವ ಬ್ಯಾಗು. ಗೊತ್ತಿಲ್ಲದ್ದನ್ನು ನಾಚಿಕೆಯಿಲ್ಲದೆ "ಗೊತ್ತಿಲ್ಲ ಅಕ್ಕ" ಎಂದುಬಿಡುವ ಆ ಸಲೀಸು. ತನಗೆ ಮೈಸೂರಿನಲ್ಲಿ ಹಾಗೆ ಹೇಳಲು ಬಾಯಿ ಬಂದಿರಲಿಲ್ಲ.

ಮೊದಲೆರಡು ವಾರ ಲತಾಮಣಿ ಚೆನ್ನಾಗಿಯೇ ಕಲಿಸಿದಳು. ಒಂದು ದಿನ ಇಬ್ಬರೂ ಅರಸೀಕೆರೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಕಿಟಕಿಯ ಹೊರಗೆ ಅಂಗೈ ಚಾಚಲು ಹೇಳಿದಳು.

"ಕೈ ನೆಟ್ಟಗೆ ಹಿಡಿ. ಈಗ ಹೆಬ್ಬೆರಳಿನ ಕಡೆ ಸ್ವಲ್ಪ ಮೇಲೆತ್ತು."

"ಅಯ್ಯೋ ಅಕ್ಕ, ಕೈ ತಾನಾಗೇ ಮೇಲಕ್ಕೆ ಹೋಗ್ತಿದೆ!"

"ರೆಕ್ಕೆಗೂ ಅಷ್ಟೇ. ಗಾಳಿ ಮೇಲಕ್ಕೆ ಎತ್ತುತ್ತೆ, ತೂಕ ಕೆಳಕ್ಕೆ ಎಳೆಯುತ್ತೆ. ಎಂಜಿನ್ ಮುಂದಕ್ಕೆ ತಳ್ಳುತ್ತೆ, ಗಾಳಿ ಹಿಂದಕ್ಕೆ ತಡೆಯುತ್ತೆ. ಈಗ ಕೈನ ಇನ್ನೂ ಎತ್ತು, ಪೂರ್ತಿ ಎತ್ತು."

ಅಕ್ಷತಾಳ ಕೈ ಮೇಲೇಳುವುದನ್ನು ಬಿಟ್ಟು ಹಿಂದಕ್ಕೆ ಎಗರಿತು.

"ಅದೇ ಸ್ಟಾಲ್. ಮೂತಿ ಅತಿಯಾಗಿ ಎತ್ತಿದ್ರೆ ರೆಕ್ಕೆ ಕೆಲಸ ಬಿಡುತ್ತೆ. ಎಂಜಿನ್ ಓಡ್ತಿದ್ರೂ ವಿಮಾನ ಬೀಳುತ್ತೆ."

ಹಿಂದಿನಿಂದ ಕಂಡಕ್ಟರ್ ಕೂಗಿದ. "ಏ ತಾಯಿ, ಕೈ ಒಳಕ್ಕೆ ಎಳ್ಕಳ್ರವ್ವ! ಎದುರುಗೆ ಲಾರಿ ಬತ್ತೈತೆ!"

ಅಕ್ಷತಾ ನಕ್ಕು ನಕ್ಕು ಸೀಟಿಗೆ ಒರಗಿದಳು. "ಕಾಲೇಜಲ್ಲಿ ನಾಲ್ಕು ಕ್ಲಾಸ್ ಕೇಳಿದ್ರೂ ಇದು ತಲೆಗೆ ಹೋಗಿರ್ಲಿಲ್ಲ ಅಕ್ಕ." ಲತಾಮಣಿಗೂ ನಗು ಬಂತು. ಒಂದು ಕ್ಷಣ ಅವಳಿಗೆ ಹಗುರವೆನಿಸಿತು. ಮರುಕ್ಷಣವೇ, ನನ್ನ ಪಕ್ಕದಲ್ಲಿ ಹೀಗೆ ಕೂತು ಹೇಳಿಕೊಡುವ ಅಕ್ಕ ಯಾಕಿರಲಿಲ್ಲ ಎಂದು ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಆ ಕಿಚ್ಚು ಆಮೇಲೆ ಆರಲಿಲ್ಲ.

ಮೂರನೆಯ ಭಾನುವಾರ ಡಯಲುಗಳ ಸರದಿ. ಎತ್ತರ ತೋರಿಸುವುದು, ವೇಗ ತೋರಿಸುವುದು, ದಿಕ್ಸೂಚಿ, ಎಲ್ಲವನ್ನೂ ಅಕ್ಷತಾ ಅರ್ಧ ಗಂಟೆಯಲ್ಲಿ ಹಿಡಿದಳು. ಲತಾಮಣಿಗೆ ಇವೇ ನಾಲ್ಕು ವಾರ ಹಿಡಿದಿದ್ದವು.

"ಇದೇನಕ್ಕ, ಗೆರೆ ಇರೋದು?" ಎಂದು ಅಕ್ಷತಾ ಕೊನೆಯ ಡಯಲಿನ ಮೇಲೆ ಬೆರಳಿಟ್ಟಳು.

"ವಿಮಾನ ಯಾವ ಕಡೆ ವಾಲಿದೆ ಅಂತ ತೋರ್ಸುತ್ತೆ. ಸುಲಭ. ನೀನೇ ಮಾಡು, ನೋಡ್ತೀನಿ," ಎಂದಳು ಲತಾಮಣಿ.

ಆರು ಚಿತ್ರಗಳಿದ್ದವು. ಅಕ್ಷತಾ ಆರಕ್ಕೂ ಉಲ್ಟಾ ಬರೆದಳು. ಆರು ವರ್ಷಗಳ ಹಿಂದೆ ಲತಾಮಣಿ ಬರೆದಿದ್ದಂತೆಯೇ. ಲತಾಮಣಿ ಕೆಂಪು ಪೆನ್ನು ಹಿಡಿದು ಹಾಳೆಯನ್ನು ನೋಡಿದಳು. ಅಡುಗೆಮನೆಯಲ್ಲಿ ಅವ್ವ ಅಕ್ಷತಾಳಿಗೆಂದೇ ಕೋಳಿ ಸಾರಿಗೆ ಮಸಾಲೆ ಅರೆಯುತ್ತಿದ್ದಳು. ಲತಾಮಣಿ ಮೊದಲ ಉತ್ತರಕ್ಕೆ ರೈಟ್ ಹಾಕಿದಳು. ಎರಡನೆಯದಕ್ಕೂ ಹಾಕಿದಳು. ಆರಕ್ಕೂ ಹಾಕಿ ಹಾಳೆಯನ್ನು ವಾಪಸು ಕೊಟ್ಟಳು.

"ಎಲ್ಲಾ ಸರಿನಾ ಅಕ್ಕ?"

"ಎಲ್ಲಾ ಸರಿ."

ಮುಂದಿನ ಭಾನುವಾರವೂ ಅಕ್ಷತಾ ಬಂದಳು. ಮತ್ತೆ ಆ ಡಯಲಿನ ಮಾತೆತ್ತಲಿಲ್ಲ. ಲತಾಮಣಿಯೂ ಎತ್ತಲಿಲ್ಲ. ವಾರಪೂರ್ತಿ ಅವಳು ಪಾಠ ಮಾಡುವಾಗ, ಬಟ್ಟೆ ಒಗೆಯುವಾಗ, ಕೆರೆ ಏರಿಯ ಮೇಲೆ ನಡೆಯುವಾಗ ತನ್ನೊಳಗೇ ವಾದ ಮಾಡಿಕೊಂಡಳು. ಹೇಳಿದರಾಯಿತು, ಇನ್ನೂ ದಿನವಿದೆ. ಅವಳಿಗೇನು, ಫೇಲಾದರೂ ಎಂಜಿನಿಯರಿಂಗ್ ಇದೆ, ಅಪ್ಪನ ಸಂಬಳವಿದೆ. ನನಗೆ ಯಾರು ಹೇಳಿದ್ದರು?

ಅಕ್ಷತಾ ಮೈಸೂರಿಗೆ ಹೊರಡುವ ದಿನ ಬಂತು. ಅಲ್ಲಿ ಮೊದಲ ದಿನವೇ ಫೋನು ತೆಗೆದಿಟ್ಟುಕೊಳ್ಳುತ್ತಾರೆಂದು ಲತಾಮಣಿಗೆ ಗೊತ್ತಿತ್ತು. ಹೇಳುವುದಿದ್ದರೆ ಇವತ್ತೇ ಹೇಳಬೇಕು. ಫೋನಿನಲ್ಲಿ ಬೇಡ, ಎದುರಿಗೇ ಹೇಳೋಣವೆಂದು ಕಾಲೇಜಿಗೆ ರಜೆ ಹಾಕಿ ಬೆಳಿಗ್ಗೆ ಅರಸೀಕೆರೆ ಬಸ್ಸು ಹತ್ತಿದಳು. ರೈಲು ಮಧ್ಯಾಹ್ನಕ್ಕಿತ್ತು, ಬೇಕಾದಷ್ಟು ಹೊತ್ತಿತ್ತು. ಬಸ್ಸು ಜಾವಗಲ್‌ನಲ್ಲಿ ನಿಂತಿತು. ಜನ ಇಳಿದರು, ತೆಂಗಿನಕಾಯಿ ಮೂಟೆ ಹತ್ತಿತು. ಸ್ಟೇಷನ್ನಿನಲ್ಲಿ ಚಿಕ್ಕಪ್ಪ, ಚಿಕ್ಕಮ್ಮ, ರೈಲ್ವೆ ಕ್ವಾರ್ಟರ್ಸಿನವರೆಲ್ಲ ಹೂವಿನ ಹಾರ ಹಿಡಿದು ನಿಂತಿರುವುದು ಲತಾಮಣಿಯ ಕಣ್ಣ ಮುಂದೆ ಬಂತು. ಎದ್ದು ಬಸ್ಸಿನಿಂದ ಇಳಿದುಬಿಟ್ಟಳು. ಎದುರು ಬಸ್ಸಿಗೆ ಒಂದು ಗಂಟೆ ಕಾದು ಹಳೇಬೀಡಿಗೆ ವಾಪಸಾದಳು.

ಆ ಒಂದು ವಾರ ಅವಳು ನೆಟ್ಟಗೆ ಉಣ್ಣಲಿಲ್ಲ. ಫೇಲಾಗಲಿ ಎಂದು ಬಯಸಿದಳು. ಹಾಗೆ ಬಯಸಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ಮತ್ತೆ ಬಯಸಿದಳು.

ಆರನೆಯ ದಿನ ಸಂಜೆ ಚಿಕ್ಕಪ್ಪನ ಫೋನು ಬಂತು. ದನಿ ಒಡೆದಿತ್ತು, ಆದರೆ ಅದು ಸಂತೋಷಕ್ಕೆ. "ಲತಾ, ಮೆಷೀನ್ ಪರೀಕ್ಷೆನೂ ಪಾಸ್ ಕಣವ್ವ! ನಿನ್ ಋಣ ಹೆಂಗ್ ತೀರ್ಸ್ಲಿ? ಭಾನುವಾರ ಎಲ್ರೂ ಊಟಕ್ಕೆ ಬರ್ಬೇಕು."

ಲತಾಮಣಿಗೆ ಅರ್ಥವಾಗಲಿಲ್ಲ. ಪಾಸಾದದ್ದು ಹೇಗೆ? ಎದೆಯ ಮೇಲಿನ ಭಾರ ಇಳಿಯಿತು ನಿಜ. ಆದರೆ ಇಳಿದ ಜಾಗದಲ್ಲಿ ಹೊಟ್ಟೆಕಿಚ್ಚು ಮೊದಲಿಗಿಂತ ಹೆಚ್ಚಾಗಿ ಕೂತಿತು.

ಭಾನುವಾರ ಅರಸೀಕೆರೆಯ ಕ್ವಾರ್ಟರ್ಸಿನಲ್ಲಿ ಊಟವಾಯಿತು. ಬಂದವರಿಗೆಲ್ಲ ಚಿಕ್ಕಪ್ಪ ಲತಾಮಣಿಯನ್ನು ತೋರಿಸಿ "ಇವಳೇ ಗುರು" ಎನ್ನುತ್ತಿದ್ದರು. ಆ ಮಾತು ಕೇಳಲಾರದೆ ಅವಳು ಒಣಗಿದ ಬಟ್ಟೆ ತರುವ ನೆವದಲ್ಲಿ ಮಹಡಿಗೆ ಹೋದಳು. ಹಿಂದೆಯೇ ಅಕ್ಷತಾ ಬಂದಳು. ಇಬ್ಬರೂ ಹಗ್ಗದಿಂದ ಬಟ್ಟೆ ತೆಗೆಯತೊಡಗಿದರು. ಕೆಳಗೆ ಗೂಡ್ಸ್ ರೈಲೊಂದು ನಿಧಾನವಾಗಿ ಸಾಗುತ್ತಿತ್ತು.

"ಆ ಗೆರೆ ಡಯಲ್ ಬಂದಿತ್ತಾ?" ಲತಾಮಣಿಗೆ ಕೇಳದೆ ಇರಲಾಗಲಿಲ್ಲ.

ಅಕ್ಷತಾ ಬೆಡ್‌ಶೀಟನ್ನು ಹಗ್ಗದಿಂದ ಎಳೆದುಕೊಂಡಳು. "ಬಂದಿತ್ತು. ಅಕ್ಕ, ಬೇಜಾರು ಮಾಡ್ಕೋಬೇಡ. ನೀನು ಅವತ್ತು ರೈಟ್ ಹಾಕಿದ್ದೆಯಲ್ಲ ಆರು, ಅದು ಉಲ್ಟಾ ಇತ್ತು. ಮನೆಗೆ ಬಂದು ಫೋನಲ್ಲಿ ವಿಮಾನ ಓಡಿಸೋ ಗೇಮ್ ಒಂದು ಆಡ್ತಿದ್ದಾಗ ಗೊತ್ತಾಯ್ತು."

"ಅವತ್ತೇ ಗೊತ್ತಿತ್ತಾ? ಮತ್ತೆ ಹೇಳ್ಲಿಲ್ಲ ಯಾಕೆ?"

"ಹೆಂಗೆ ಹೇಳ್ಲಿ? ನಿಂಗೂ ಅದು ಗೊತ್ತಿಲ್ಲ, ಅದಕ್ಕೇ ಆಗ ಫೇಲಾಗಿದ್ದು ಅಂದ್ಕೊಂಡೆ. ಹೇಳಿದ್ರೆ ಹಳೇದೆಲ್ಲ ನೆನೆಸ್ಕೊಂಡು ನೋವು ಪಡ್ತೀಯ ಅಂತ ಸುಮ್ನಾದೆ." ಅಕ್ಷತಾಳ ಮುಖದಲ್ಲಿ ನಿಜವಾದ ಕರುಣೆಯಿತ್ತು.

ಆ ಕರುಣೆ ಲತಾಮಣಿಯನ್ನು ಕೆನ್ನೆಗೆ ಹೊಡೆದಂತೆ ತಾಕಿತು. ಸುಮ್ಮನಿದ್ದರೆ ಎಲ್ಲವೂ ಮುಚ್ಚಿಹೋಗುತ್ತಿತ್ತು. ಗುರು ಎಂಬ ಹೆಸರೂ ಉಳಿಯುತ್ತಿತ್ತು. ಆದರೆ ಆರು ವರ್ಷ ಕೂತು ಓದಿದ್ದು, ಮೂರು ನೋಟ್‌ಬುಕ್ ತುಂಬಿದ್ದು, ಇಷ್ಟೆಲ್ಲ ಆಗಿಯೂ ಈ ಹುಡುಗಿಯ ಕಣ್ಣಲ್ಲಿ ತಾನು ಏನೂ ತಿಳಿಯದವಳು. ಅದನ್ನು ಅವಳಿಗೆ ತಡೆಯಲಾಗಲಿಲ್ಲ.

"ನಂಗೆ ಗೊತ್ತಿತ್ತು," ಎಂದಳು. "ನಿಂಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ರೈಟ್ ಹಾಕ್ದೆ."

ಅಕ್ಷತಾ ಅವಳ ಮುಖವನ್ನೇ ನೋಡಿದಳು. ಗೂಡ್ಸಿನ ಕೊನೆಯ ಬೋಗಿ ದಾಟಿಹೋಯಿತು.

"ಯಾಕಕ್ಕ?"

"ಹೊಟ್ಟೆಕಿಚ್ಚು ಕಣೇ. ಬೇರೆ ಏನಿಲ್ಲ."

"ನಾನು ಒಂದೇ ಸಲ ಬರೆಯೋಕಾಗೋದು ಅಂತ ನಿಂಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

ಅಕ್ಷತಾ ಮಡಿಸಿದ ಬಟ್ಟೆಯನ್ನೆಲ್ಲ ತೋಳಿಗೆ ಹಾಕಿಕೊಂಡಳು. ಅವಳ ಕಣ್ಣು ತುಂಬಿತ್ತು. "ನೀನು ಗೊತ್ತಿಲ್ಲ ಅಂತಾನೇ ಇದ್ದಿದ್ರೆ ಚೆನ್ನಾಗಿರ್ತಿತ್ತು," ಎಂದು ಹೇಳಿ ಮೆಟ್ಟಿಲಿಳಿದು ಹೋದಳು. ಕೆಳಗೆ ಯಾರಿಗೂ ಅವಳು ಈ ವಿಷಯ ಹೇಳಲಿಲ್ಲ. ಸಂಜೆ ಚಿಕ್ಕಪ್ಪ ಬಸ್ ಸ್ಟ್ಯಾಂಡಿನವರೆಗೂ ಬಂದು ಲತಾಮಣಿಯ ಕೈಗೆ ಸೀರೆಯ ಕವರ್ ಕೊಟ್ಟರು. ಅವಳು ಆ ಸೀರೆಯನ್ನು ಅವ್ವನಿಗೆ ಕೊಟ್ಟುಬಿಟ್ಟಳು.

ಆಮೇಲೆ ಅಕ್ಷತಾ ಏಳೆಂಟು ತಿಂಗಳು ಮಾತಾಡಲಿಲ್ಲ. ಬೆಂಗಳೂರಿನಲ್ಲಿ ಮೆಡಿಕಲ್ ಪರೀಕ್ಷೆ ಮುಗಿಯಿತು, ಪಟ್ಟಿಯಲ್ಲಿ ಹೆಸರು ಬಂತು, ಜನವರಿಯಲ್ಲಿ ಹೈದರಾಬಾದಿನ ಹತ್ತಿರದ ಅಕಾಡೆಮಿಗೆ ಹೋದಳು ಎಂಬುದೆಲ್ಲ ಚಿಕ್ಕಪ್ಪನಿಂದಲೇ ತಿಳಿಯಿತು. ಸಮವಸ್ತ್ರದ ಫೋಟೋ ಬಂದಾಗ ಲತಾಮಣಿ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಬೆರಳಿನ ಕೆಳಗೆ ಅಕ್ಷತಾಳ ಎದೆಯ ಮೇಲಿನ ಹೆಸರಿನ ಪಟ್ಟಿ ಬಂತು. ಫೋನು ಮಗುಚಿಟ್ಟಳು.

ಮಾರ್ಚ್ ತಿಂಗಳ ಒಂದು ಭಾನುವಾರ ಲತಾಮಣಿ ಜಗುಲಿಯಲ್ಲಿ ಉತ್ತರ ಪತ್ರಿಕೆ ನೋಡುತ್ತಿದ್ದಾಗ ಫೋನು ಬಂತು. ಅಕ್ಷತಾ.

"ಅಕ್ಕ, ಹತ್ತು ನಿಮಿಷ ಇದೆಯಾ? ನ್ಯಾವಿಗೇಶನ್ ಲೆಕ್ಕ ಒಂದು ಬರ್ತಿಲ್ಲ. ನಾಳೆ ಟೆಸ್ಟು." ದನಿ ಬಿಗಿಯಾಗಿತ್ತು. ಹಳೆಯದನ್ನು ಮರೆತಿದ್ದೇನೆ ಎಂದು ಅವಳು ಹೇಳಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ.

"ಏನು ಲೆಕ್ಕ?"

"ಅಡ್ಡಗಾಳಿ ಬಂದಾಗ ಮೂತಿ ಎಷ್ಟು ತಿರುಗಿಸ್ಬೇಕು ಅನ್ನೋದು. ಇಲ್ಲಿ ಎಲ್ರೂ ಫಾರ್ಮುಲಾ ಹಾಕ್ತಾರೆ. ನಂಗೆ ಯಾಕೆ ಅಂತ ಗೊತ್ತಾಗ್ತಿಲ್ಲ."

"ಹಾಳೆ ತಗೋ," ಎಂದಳು ಲತಾಮಣಿ. "ಅರಸೀಕೆರೆಯಿಂದ ಬೇಲೂರಿಗೆ ನೇರ ಒಂದು ಗೆರೆ ಎಳಿ. ನೀನು ಹೋಗ್ಬೇಕಾಗಿರೋ ದಾರಿ ಅದು. ಈಗ ಗಾಳಿ ಚಿಕ್ಕಮಗಳೂರು ಕಡೆಯಿಂದ ಬೀಸ್ತಿದೆ ಅಂದ್ಕೋ. ಮೂತಿನ ಬೇಲೂರಿಗೇ ಇಟ್ರೆ ಏನಾಗುತ್ತೆ?"

"ಹಾಸನದ ಕಡೆಗೆ ತಳ್ಳುತ್ತೆ."

"ಅದಕ್ಕೇ ಮೂತಿನ ಗಾಳಿ ಬರೋ ಕಡೆಗೇ ಒಂಚೂರು ತಿರುಗಿಸ್ಬೇಕು. ಎಷ್ಟು ಅಂತ ಈಗ ತ್ರಿಕೋನ ಬರಿ."

ಹತ್ತು ನಿಮಿಷ ನಲವತ್ತಾಯಿತು. ಕೊನೆಗೆ ಅಕ್ಷತಾ "ಹಾಂ, ಬಂತು" ಎಂದಳು. ಆಮೇಲೆ, "ನಾನೇ ಇನ್ನೊಂದು ಸಲ ಚೆಕ್ ಮಾಡ್ಕೋತೀನಿ ಅಕ್ಕ," ಎಂದಳು.

"ಮಾಡ್ಕೋ," ಎಂದಳು ಲತಾಮಣಿ. ಆ ಮಾತು ಚುಚ್ಚಿತು, ಆದರೆ ತಪ್ಪೆನಿಸಲಿಲ್ಲ.

ಮುತ್ತಮ್ಮ ಒಳಗಿನಿಂದ ಬಂದಳು. "ಯಾರವ್ವ ಅದು ಇಷ್ಟೊತ್ತು?"

"ಅಕ್ಷತಾ."

"ಏನಂತೆ? ಚೆಂದಾಗವ್ಳಂತಾ?"

"ಚೆನ್ನಾಗಿದಾಳಂತೆ. ಲೆಕ್ಕ ಬರ್ಲಿಲ್ವಂತೆ," ಎಂದಳು ಲತಾಮಣಿ. ಹಾಗೆ ಹೇಳುವಾಗ ಅವಳಿಗೆ ಸಂತೋಷವಾಯಿತು. ಅದು ಹಳೆಯ ಹೊಟ್ಟೆಕಿಚ್ಚಿನ ಸಂತೋಷವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.