ಜೇನಿಗೆ ಇಟ್ಟ ಬೆಲ್ಲದ ನೀರು

ಹಳೇ ಗೋಣಿಚೀಲದ ತುಂಡನ್ನು ಬಿಗಿಯಾಗಿ ಸುತ್ತಿ, ತುದಿಗೆ ಬೆಂಕಿ ತಾಕಿಸಿ, ಉರಿಯಲು ಬಿಡದೆ ಹೊಗೆಯಾಡಿಸಿದರೆ ಒಂದು ವಾಸನೆ ಬರುತ್ತದೆ. ಅದಕ್ಕೆ ಜೇನುಮೇಣ ಬೆರೆತರೆ ಬರುವ ವಾಸನೆಯೇ ಬೇರೆ. ಹೋದ ತಿಂಗಳು ಬಾಬುರಾಯನಕೊಪ್ಪಲಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಆ ವಾಸನೆ ಮೂಗಿಗೆ ಬಂತು. ರಸ್ತೆಯಾಚೆಯ ತೆಂಗಿನ ತೋಟದಲ್ಲಿ ನೀಲಿ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಹೂವು ಎಲ್ಲಿದೆಯೋ ಅಲ್ಲಿಗೆ ಲಾರಿಯಲ್ಲಿ ಹೊತ್ತು ತಿರುಗುವ ಇಟಾಲಿಯನ್ ಜೇನಂತೆ. ಹುಳವೇ ಹೂವಿಗೆ ಹೋಗುವುದನ್ನು ಕಂಡಿದ್ದೆ, ಮನೆಸಮೇತ ಹುಳವನ್ನು ಹೂವಿಗೆ ಕರೆದೊಯ್ಯುವುದನ್ನು ಅಂದೇ ನೋಡಿದ್ದು. ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಕಿಕ್ಕೇರಿಯಿಂದ ಸಂತೆಬಾಚಹಳ್ಳಿಗೆ ಹೋಗುವ ದಾರಿಯಲ್ಲಿದ್ದ ನಮ್ಮ ಮನೆಯಲ್ಲಿ ಜೇನನ್ನು ಯಾರೂ ಸಾಕುತ್ತಿರಲಿಲ್ಲ. ಜೇನು ಬರುತ್ತಿತ್ತು, ಅಷ್ಟೆ. ಹಿತ್ತಿಲ ಕಡೆಯ ದಪ್ಪ ಮಣ್ಣುಗೋಡೆಯ ಗೂಡಿನಲ್ಲಿ ಅಜ್ಜಿ ಒಂದು ಹಳೇ ಮಡಕೆಯನ್ನು ಅಡ್ಡ ಮಲಗಿಸಿಟ್ಟಿದ್ದಳು. ಬಾಯಿಗೆ ಹಲಗೆ ಮುಚ್ಚಿ ಸಗಣಿ ಮೆತ್ತಿ, ತಳದಲ್ಲಿ ಬೆರಳು ತೂರುವಷ್ಟು ತೂತು ಕೊರೆದಿದ್ದಳು. ಯಾವುದೋ ಒಂದು ದಿನ ತುಡುವೆ ಜೇನು ಎಲ್ಲಿಂದಲೋ ಗುಂಪಾಗಿ ಬಂದು ಒಳಸೇರುತ್ತಿತ್ತು. ಅಂದು ಅಜ್ಜಿ ಎದುರುಮನೆಯವರಿಗೆ, 'ನಮ್ಮನೆಗೆ ಬಂದವೆ ಕಣವ್ವ' ಎಂದು ನೆಂಟರು ಬಂದಂತೆ ಹೇಳಿಕೊಳ್ಳುತ್ತಿದ್ದಳು. ಅವಳು ಪಾಂಡವಪುರದ ಕಡೆಯವಳು. ಅವಳಪ್ಪ ಕುಂತಿಬೆಟ್ಟದ ಬಂಡೆಗಳಲ್ಲಿ ಹಗ್ಗ ಇಳಿಬಿಟ್ಟುಕೊಂಡು ಹೆಜ್ಜೇನು ತೆಗೆಯುತ್ತಿದ್ದನಂತೆ. ಜೇನುತಟ್ಟಿಯಲ್ಲಿ ಒಂದು ಪಾಲನ್ನು ಹುಳಗಳಿಗೆಂದು ಬಿಟ್ಟೇ ಬರುತ್ತಿದ್ದನಂತೆ. ಬಿಸಿಲಲ್ಲಿ ನಡೆದು ಬಂದವರು ಯಾರೇ ಆಗಲಿ, ಜಗಲಿಯ ಮೇಲೆ ಕೂರಿಸಿ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಕೊಟ್ಟ ಮೇಲೆಯೇ ಬಂದ ವಿಷಯ ಕೇಳುತ್ತಿದ್ದ ಕಾಲ ಅದು. ನಿಮ್ಮ ಮನೆಯಲ್ಲೂ ಅಂಥವರು ಇದ್ದಿರಬೇಕು.

ತೊಂಬತ್ತರ ದಶಕದ ಮೊದಲ ವರ್ಷಗಳು. ಚಿಕ್ಕಪ್ಪ ಎಲ್ಲೋ ಹತ್ತು ದಿನ ತರಬೇತಿಗೆ ಹೋಗಿ, ಒಂದು ಮರದ ಪೆಟ್ಟಿಗೆ, ಮುಖಕ್ಕೆ ಹಾಕುವ ಬಲೆ, ಒಂದು ತೆಳು ಪುಸ್ತಕ ಹಿಡಿದು ಬಂದ. ಜಗಲಿಯ ಮೇಲೆ ಕೂತು ಆ ಪುಸ್ತಕವನ್ನು ನಮಗೆಲ್ಲ ಗಟ್ಟಿಯಾಗಿ ಓದಿ ಹೇಳಿದ. ಗುಹೆಯ ಗೋಡೆಯಲ್ಲಿ ಯಾರೋ ಜೇನು ಕೀಳುವವನ ಚಿತ್ರ ಬರೆದಿದ್ದಾರೆ, ಮನುಷ್ಯ ಸಾವಿರಾರು ವರ್ಷಗಳಿಂದ ಜೇನು ತಿನ್ನುತ್ತಿದ್ದಾನೆ ಎಂದು ಅದರಲ್ಲಿತ್ತು.

'ನಿಮ್ಮ ತಾತನೂ ತಿಂತಿದ್ದ. ಪುಸ್ತಕ ಇರ್ನಿಲ್ಲ ಅಷ್ಟೇಯ' ಎಂದಳು ಅಜ್ಜಿ, ಅವರೆಕಾಯಿ ಸುಲಿಯುತ್ತ.

'ಕೇಳವ್ವ ಇಲ್ಲಿ. ಈಜಿಪ್ಟು ಅಂತ ದೇಸ. ಅಲ್ಲಿ ಮಣ್ಣಿನ ಕೊಳವೆ ಸಾಲಾಗಿ ಜೋಡ್ಸಿ ಸಾಕ್ತಿದ್ರಂತೆ.'

'ಅಂಗಾರೆ ಅವ್ರೂ ನಮ್ಮಂಗೆ ಮಡಕೆಯೋರೆ ಬುಡು.'

'ಈಗ ಮಡಕೆ ಕಾಲ ಓಯ್ತು. ಇನ್ಮೇಲೆ ನಾವೂ ಸಾಕೋದೇಯ.'

'ಸಾಕಕೆ ಅವೇನು ಎಮ್ಮೆನ್ಲಾ?'

ಎಮ್ಮೆಯಲ್ಲದಿದ್ದರೂ ಸಾಕಿದ. ಮಡಕೆಯ ತಟ್ಟಿಗಳನ್ನು ಬಿಡಿಸಿ, ಬಾಳೆನಾರಿನಲ್ಲಿ ಮರದ ಚೌಕಟ್ಟಿಗೆ ಕಟ್ಟಿ ಪೆಟ್ಟಿಗೆಯೊಳಗೆ ಇಳಿಸಿದ. ಇರುವೆ ಹತ್ತದಂತೆ ಪೆಟ್ಟಿಗೆಯ ಕಾಲುಗಳ ಕೆಳಗೆ ನೀರಿನ ಬಟ್ಟಲಿಟ್ಟ. ಎರಡೇ ವರ್ಷದಲ್ಲಿ ಒಂದು ಆರಾಯಿತು. ಐದು ಹಿತ್ತಿಲಲ್ಲಿ, ಒಂದು ಬಾವಿಯ ಹತ್ತಿರ. ಊರವರು ಅವನನ್ನು 'ಜೇನು ಮೇಷ್ಟ್ರು' ಎಂದು ರೇಗಿಸುತ್ತಿದ್ದರು. ಅವನಿಗೆ ಒಳಗೊಳಗೇ ಖುಷಿ. ಅದಕ್ಕೂ ಮುಂಚೆ ಊರಿನಲ್ಲಿ ಅವನಿಗೆ ಯಾವ ಹೆಸರೂ ಇರಲಿಲ್ಲ.

ಹೂವಿಲ್ಲದ ಮಳೆಗಾಲದಲ್ಲಿ ಹುಳಗಳಿಗೆ ಸಕ್ಕರೆ ಪಾಕ ಇಡಬೇಕು. ಆ ವರ್ಷ ಅದೇ ಹೊತ್ತಿಗೆ ನಾಗಮಂಗಲದ ತವರಿನಲ್ಲಿ ಚಿಕ್ಕಮ್ಮನಿಗೆ ಹೆರಿಗೆಯಾಯಿತು. ಚಿಕ್ಕಪ್ಪ ಹೊರಡುವಾಗ ಸಕ್ಕರೆ ಡಬ್ಬಿ ತೋರಿಸಿ, ಐದನೇ ಕ್ಲಾಸಿನಲ್ಲಿದ್ದ ನನಗೆ ಬಾಯಿಪಾಠ ಮಾಡಿಸಿದ: ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು, ಕರಟದಲ್ಲಿ ಹಾಕಿ, ಹುಳ ಮುಳುಗದಂತೆ ಮೇಲೆ ಹುಲ್ಲುಕಡ್ಡಿ.

ಅವನು ಅತ್ತ ಹೋದ ಮೇಲೆ ಅಜ್ಜಿ ಆ ಸಕ್ಕರೆಯನ್ನು ಬೆರಳಲ್ಲಿ ಮುಟ್ಟಿ ನೋಡಿ, 'ಮನೆಗೆ ಬಂದೋರಿಗೆ ಈ ಬಿಳೀ ಪುಡಿ ಕೊಟ್ಟಾರೇನಮ್ಮಿ' ಎಂದು ಡಬ್ಬಿ ಮುಚ್ಚಿದಳು. ಆಲೆಮನೆಯಿಂದ ತಂದ ಅಚ್ಚುಬೆಲ್ಲವನ್ನು ಜಜ್ಜಿ, ನೀರಿಗೆ ಹಾಕಿ, ಸೆರಗಿನ ತುದಿಯಲ್ಲಿ ಸೋಸಿ ಕರಟಗಳಿಗೆ ಸುರಿದಳು. ನಾನು ಹಿತ್ತಿಲ ಐದು ಪೆಟ್ಟಿಗೆಗೂ ಅದನ್ನೇ ಇಟ್ಟೆ. ಬಾವಿ ಹತ್ತಿರದ್ದಕ್ಕೆ ಮಾತ್ರ, ಚಿಕ್ಕಪ್ಪನ ಮಾತು ಮೀರಲು ಹೆದರಿ, ಅಜ್ಜಿ ಒಲೆಯ ಮುಂದಿದ್ದಾಗ ಡಬ್ಬಿಯಿಂದ ಸಕ್ಕರೆ ತೆಗೆದುಕೊಂಡು ಹೋಗಿ ಕಲಸಿ ಇಟ್ಟೆ. ಹೀಗೆ ಹದಿನೈದು ದಿನ.

ಮೊದಲು ಖಾಲಿಯಾದದ್ದು ಬಾವಿ ಹತ್ತಿರದ ಪೆಟ್ಟಿಗೆಯೇ. ಒಂದು ಬೆಳಿಗ್ಗೆ ನೋಡಿದರೆ ಬಾಗಿಲಲ್ಲಿ ಒಂದು ಹುಳವೂ ಓಡಾಡುತ್ತಿರಲಿಲ್ಲ. ಅಳತೆ ತಪ್ಪಿತೇ, ನೀರು ಹೆಚ್ಚಾಯಿತೇ, ಸುರಿಯುವಾಗ ಹುಳಗಳ ಮೇಲೆ ಬಿತ್ತೇ ಎಂದು ನನಗೆ ದಿಕ್ಕೇ ತೋಚಲಿಲ್ಲ. ಯಾರಿಗೂ ಹೇಳಲಿಲ್ಲ. ನಾಲ್ಕು ದಿನದ ನಂತರ ಚಿಕ್ಕಪ್ಪ, ಮಗಳು ಹುಟ್ಟಿದ ಸಡಗರದಲ್ಲಿ ಬಂದವನು, ಚೀಲ ಕೆಳಗಿಟ್ಟು ನೇರ ಹಿತ್ತಿಲಿಗೆ ಹೋಗಿ ಪೆಟ್ಟಿಗೆ ತೆರೆದ. ಕೋಶಗಳೊಳಗೆ ಮರಿಗಳು ನೀರು ತುಂಬಿದ ಪುಟ್ಟ ಚೀಲಗಳಂತೆ ಊದಿ, ತಲೆ ಮೇಲೆತ್ತಿಕೊಂಡು ಸತ್ತಿದ್ದವು. ಏನಿಟ್ಟಿರಿ ಎಂದು ನನ್ನನ್ನೇ ಕೇಳಿದ. ನಾನು, 'ಅಜ್ಜಿ ಬೆಲ್ಲದ ನೀರು ಮಾಡ್ಕೊಡ್ತು' ಎಂದೆ. ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

'ಬೆಲ್ಲ ಇಟ್ಯಾ ಅವ್ವ? ಬೆಲ್ಲ ಕೊಟ್ರೆ ಉಳಕ್ಕೆ ಬೇದಿ ಅಂತ ಅಲ್ಲಿ ಬಡ್ಕಂಡು ಏಳಿದ್ರು.'

'ಬೆಲ್ಲ ತಿಂದು ಈ ಸೀಮೇಲಿ ಯಾರ್ಲಾ ಸತ್ತವ್ರೆ?' ಎಂದಳು ಅಜ್ಜಿ. ಆದರೆ ಅವಳ ದನಿ ಇಳಿದಿತ್ತು.

ಒಂದೂವರೆ ತಿಂಗಳಲ್ಲಿ ಆರೂ ಪೆಟ್ಟಿಗೆ ಬರಿದಾದವು. ಒಂದಷ್ಟು ಹುಳ ಸತ್ತವು, ಉಳಿದವು ಎದ್ದು ಹೋದವು. ಚಿಕ್ಕಪ್ಪ ಅಜ್ಜಿಯನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನೇರ ಮಾತಾಡುವುದನ್ನೇ ಬಿಟ್ಟ. ಒಂದೇ ಅಡುಗೆಮನೆಯಲ್ಲಿ ಎರಡು ಮಾರು ದೂರದಲ್ಲಿ ಕೂತು, 'ನಿಮ್ಮಜ್ಜಿಗೆ ಎಸ್ರು ಬುಡಕ್ಕೇಳಮ್ಮಿ' ಎನ್ನುತ್ತಿದ್ದ. ಅಜ್ಜಿ ನನ್ನ ಮುಖ ನೋಡಿಕೊಂಡೇ ಅವನ ತಟ್ಟೆಗೆ ಸಾರು ಬಿಡುತ್ತಿದ್ದಳು. ಅವಳಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಮನೆಗೆ ಬಂದವರಿಗೆ ಬರೀ ನೀರು ಕೊಡತೊಡಗಿದಳು. ಬಂದವರು ಚೊಂಬು ಹಿಡಿದು, ಬೆಲ್ಲ ಇನ್ನೇನು ಬಂದೀತೆಂದು ಅಡುಗೆಮನೆಯ ಬಾಗಿಲ ಕಡೆ ನೋಡುವರು. 'ಯಾಕವ್ವ, ಆಲೆಮನೆ ನಿಂತೋಯ್ತಾ?' ಎಂದು ಒಬ್ಬರು ನಗೆಯಾಡಿದಾಗ ಅಜ್ಜಿ, 'ನನ್ ಕೈ ಸರಿಯಿಲ್ಲ ಬುಡಿ' ಎಂದು ಒಳಗೆ ಹೋದಳು. ಬಾವಿ ಹತ್ತಿರದ ಪೆಟ್ಟಿಗೆಗೆ ಬೆಲ್ಲ ತಾಕಿರಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಆಗಿತ್ತು. ಹೇಳಿದರೆ ಐದನ್ನು ಬಿಟ್ಟು ಆ ಒಂದರ ಪಾಪ ನನ್ನ ಮೇಲೆ ಬರುತ್ತದೆಂದು ತಿಳಿದು ಬಾಯಿ ಕಟ್ಟಿಕೊಂಡೆ. ಹತ್ತು ವರ್ಷದವಳ ಲೆಕ್ಕ ಅದು. ಸರಿಯೋ ತಪ್ಪೋ ಈಗಲೂ ಬಿಡಿಸಲಾರೆ.

ದೀಪಾವಳಿಗೆ ಮುಂಚಿನ ಸಂತೆಯಲ್ಲಿ ಚಿಕ್ಕಪ್ಪನಿಗೆ ತರಬೇತಿಯಲ್ಲಿ ಜೊತೆಗಿದ್ದವನೊಬ್ಬ ಸಿಕ್ಕಿದ. ಅಂದು ಮಧ್ಯಾಹ್ನ ಊಟಕ್ಕೆ ಕೂತ ಚಿಕ್ಕಪ್ಪ, ಮುದ್ದೆ ಮುರಿಯುತ್ತ, ತಟ್ಟೆಗೇ ಹೇಳುವಂತೆ ಹೇಳಿದ: 'ನಾಗಮಂಗ್ಲದ ಕಡೇನೂ ಉಳ ಓದ್ವಂತೆ ಕಣವ್ವ. ಎಲ್ಲಾ ಕಡೆನೂವೆ. ಅದೇನೋ ಮರಿ ಕಾಯ್ಲೆ ಅಂತೆ.'

ಮೂರು ತಿಂಗಳಿಂದ ಅವನ ಬಾಯಲ್ಲಿ ಕೇಳಿರದ 'ಅವ್ವ' ಎಂಬ ಮಾತು. ಅಜ್ಜಿ ಸೌಟನ್ನು ಪಾತ್ರೆಗೆ ಇಳಿಬಿಟ್ಟಳು. ಆಮೇಲೆ, 'ಅಲ್ಲೂ ನನ್ನಂತೋಳು ಯಾವ್ಳೋ ಮುದುಕಿ ಬೆಲ್ಲ ಉಯ್ದಿರ್ತಾಳೆ ಬುಡು' ಎಂದಳು. ಹಾಗೆನ್ನುವಾಗ ನನ್ನ ಕಡೆ ನೋಡಿದಳು. ಚಿಕ್ಕಪ್ಪನಿಗೆ ನಗು ಬಂದು ತುತ್ತು ನೆತ್ತಿಗೇರಿತು. ಅಜ್ಜಿ ಅವನ ನೆತ್ತಿ ತಟ್ಟಿ ಮಜ್ಜಿಗೆ ಬಿಟ್ಟಳು. ಎಲ್ಲ ಸರಿಹೋಯಿತೆಂದು ನಾನು ತಿಳಿದೆ. ಆದರೆ ಬಂದವರಿಗೆ ಬೆಲ್ಲ ಕೊಡುವ ಕೆಲಸವನ್ನು ಅಜ್ಜಿ ಮತ್ತೆ ಕೈಗೆತ್ತಿಕೊಳ್ಳಲಿಲ್ಲ.

ಅವಳು ಹೋಗಿ ಎಷ್ಟೋ ಕಾಲವಾದ ಮೇಲೆ, ಹೋದ ವರ್ಷ, ಚಿಕ್ಕಪ್ಪನ ಮಗಳ ಮನೆಯಲ್ಲಿ ಅವನ ಪಕ್ಕ ಕೂತಾಗ ನಾನು ಅದನ್ನು ಹೇಳಿಬಿಟ್ಟೆ. ಬಾವಿ ಹತ್ತಿರದ್ದಕ್ಕೆ ಸಕ್ಕರೆ ಇಟ್ಟಿದ್ದೆ ಚಿಕ್ಕಪ್ಪ, ಅದೇ ಮೊದಲು ಹೋಗಿದ್ದು, ಎಂದೆ.

'ಗೊತ್ತಿತ್ತು ಕಣಮ್ಮಿ' ಎಂದ. 'ಕರಟ ತೊಳ್ದೋನು ನಾನೇ ಅಲ್ವಾ. ಐದ್ರಲ್ಲಿ ಕೆಂಪು ಕರೆ. ಬಾವಿ ತಾವ್ಲುದ್ರಲ್ಲಿ ಬೆಳ್ಳಗೆ ಸಕ್ರೆ ಕಟ್ಕಂಡಿತ್ತು.'

'ಮತ್ತೆ ಅಜ್ಜಿ ಮೇಲೆ ಯಾಕೆ ಅಷ್ಟು ಸಿಟ್ಟು ಮಾಡ್ಕೊಂಡೆ?'

ಅವನು ಅಂಗೈ ನೋಡಿಕೊಂಡ. 'ಯಾರ್ ಮ್ಯಾಲಾರ ಆಕ್ಬೇಕಿತ್ತಲ್ಲ. ನೀನು ಕೂಸು. ಅವ್ವ ಆದ್ರೆ ತಡ್ಕತಾಳೆ ಅಂದ್ಕಂಡೆ. ತಡ್ಕಂಡ್ಲು.'

ಅಂದು ಒಲೆಯ ಮುಂದಿದ್ದ ಅಜ್ಜಿಗೆ ನಾನು ಡಬ್ಬಿ ತೆಗೆದ ಸದ್ದು ಕೇಳಿಸಿತ್ತೋ ಇಲ್ಲವೋ, ಊಟದ ಹೊತ್ತಿನಲ್ಲಿ ನನ್ನ ಕಡೆ ನೋಡಿದ್ದು ಸುಮ್ಮನೆಯೋ ಅಲ್ಲವೋ, ನನಗೆ ತಿಳಿಯದು. ಒಂದು ಮಾತ್ರ ತಿಳಿದಿದೆ. ನಿನ್ನ ತಪ್ಪಲ್ಲ ಎಂದು, ಗೊತ್ತಿದ್ದ ಇಬ್ಬರಲ್ಲಿ ಒಬ್ಬರೂ ಅವಳಿಗೆ ಹೇಳಲಿಲ್ಲ.