ಶನಿವಾರದ ಒಪ್ಪಿಗೆ

ನಾನು ಡ್ರಾಯಿಂಗ್ ಆಫೀಸಿನ ಮುಖ್ಯಸ್ಥನಾಗಿದ್ದ ಜೆ.ಪಿ. ನಗರದ ಪಂಪು ಕಾರ್ಖಾನೆಗೆ, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ನಕ್ಷೆಗಳ ಲೆಕ್ಕವಿಡುವ ಸಾಫ್ಟ್‌ವೇರ್ ಬಂತು. ಕಾಯಿ ಒಡೆದು, ಮಾನಿಟರಿಗೆ ಕುಂಕುಮವಿಟ್ಟು ಬರಮಾಡಿಕೊಂಡೆವು.

ಅದರ ಶಾಸ್ತ್ರ ಸರಳ. ಪಂಪಿನ ಪ್ರತಿ ಭಾಗಕ್ಕೂ ಒಂದು ನಂಬರು, ಪ್ರತಿ ನಂಬರಿಗೂ ಒಂದು ನಕ್ಷೆಯ ಫೈಲು. ತಿದ್ದಿದರೆ ಫೈಲು ರಿವಿಷನ್ 'ಬಿ'ಯಿಂದ 'ಸಿ'ಗೆ ಏರುತ್ತೆ. ಭಾಗದ ನಂಬರು ಮಾತ್ರ ತಾನಾಗಿ ಹೊಸ ಫೈಲಿಗೆ ಏರಲ್ಲ, ಹಳೆಯದಕ್ಕೇ ಅಂಟಿಕೊಂಡಿರುತ್ತೆ. ಮ್ಯಾನೇಜರು ಕಂಪ್ಯೂಟರಿನಲ್ಲೇ ಒಪ್ಪಿಗೆ ಕೊಡಬೇಕು. ಅಲ್ಲಿಯವರೆಗೆ ಕೆಳಗೆ ಮಷೀನಿನವರಿಗೆ 'ಬಿ' ನಕ್ಷೆಯೇ ಪ್ರಿಂಟಾಗುತ್ತೆ.

ಆದರೆ ನಮ್ಮ ಮ್ಯಾನೇಜರು ಕೀಬೋರ್ಡು ಮುಟ್ಟುವ ಪೈಕಿಯಲ್ಲ. ಕಾಗದದ ಮೇಲೆ ಹಸಿರು ಶಾಯಿಯ ಸಹಿ ದಯಪಾಲಿಸಿದರೆ ಅವರ ಮಟ್ಟಿಗೆ ಲೋಕವೇ ತಿದ್ದುಪಡಿಯಾದಂತೆ. ಅವರ ಪಾಸ್‌ವರ್ಡು ಸ್ಟೆನೋ ಮೇಡಂ ಹತ್ತಿರ. ಆಕೆ ವಾರದ ಒಪ್ಪಿಗೆಗಳನ್ನೆಲ್ಲ ಶನಿವಾರ ಒಟ್ಟಿಗೆ ಒತ್ತೋರು.

ಒಂದು ಬುಧವಾರ, ಪಂಪಿಗೆ ಪೈಪು ಜೋಡಿಸುವ ಬಿಲ್ಲೆಯಾದ ಫ್ಲಾಂಜಿನ ತೂತುಗಳ ಜಾಗ ನಕ್ಷೆಯಲ್ಲಿ ಬದಲಾಯಿತು. ಹಸಿರು ಸಹಿ ಬಿತ್ತು. ಗುರುವಾರ ಡ್ರಿಲ್ಲಿಂಗ್ ಮಷೀನಿನವನು ಪ್ರಿಂಟ್ ತೆಗೆದು ನಲವತ್ತು ಫ್ಲಾಂಜಿಗೆ ತೂತು ಹೊಡೆದ. ನಲವತ್ತೂ ಹಳೇ ಜಾಗಕ್ಕೆ. ಶುಕ್ರವಾರ ಬೆಳಿಗ್ಗೆ ಅವನ ಕೈಗೆ ಮೆಮೋ: 'ಹಳೆಯ ನಕ್ಷೆ ಬಳಸಿದ ಘೋರ ನಿರ್ಲಕ್ಷ್ಯ.'

ಅವನು ಗದಗದ ಕಡೆಯವನು, ಬಿಟಿಎಂನಲ್ಲಿ ಬಾಡಿಗೆ ರೂಮು. ಮುಂದಿನ ತಿಂಗಳು ಪರ್ಮನೆಂಟ್ ಆಗಬೇಕಿತ್ತು. ಮೆಮೋ ಇದ್ದವರನ್ನು ನಮ್ಮಲ್ಲಿ ಪರ್ಮನೆಂಟ್ ಮಾಡುತ್ತಿರಲಿಲ್ಲ; ಮನೆಗೆ ಕಳಿಸುತ್ತಿದ್ದರು.

"ಸರ, ನಾ ಏನ್ ಕಪಾಟದಾಗಿಂದ ಹಳೇದು ಹುಡುಕಿ ತಗದೇನೇನ್ರಿ? ಕಂಪ್ಯೂಟರ್ ಕೊಟ್ಟದ್ದ ಇದು," ಅಂತ ಪ್ರಿಂಟನ್ನು ನನ್ನ ಮೇಜಿನ ಮೇಲಿಟ್ಟ. ಮೂಲೆಯಲ್ಲಿ ಗುರುವಾರದ ತಾರೀಕು, ಪಕ್ಕದಲ್ಲಿ 'ಬಿ'.

ಅದನ್ನೇ ಹಿಡಿದು ಮ್ಯಾನೇಜರ ಸನ್ನಿಧಿಗೆ ಹೋದೆ.

"ನಾನು ಬುಧವಾರಾನೇ ಸೈನ್ ಮಾಡಿದೀನಲ್ರೀ!"

"ಕಾಗದಕ್ಕೆ ಮಾಡಿದೀರಿ ಸಾರ್. ಕಂಪ್ಯೂಟರಿಗೆ ನಾಳೆ ಮಾಡ್ತೀರಿ."

"ಏನ್ರೀ ತಮಾಷೆ?"

ಪಕ್ಕದ ಮೇಜಿನಿಂದ ಸ್ಟೆನೋ ಮೇಡಂ, ಟೈಪ್ ಮಾಡೋದು ನಿಲ್ಲಿಸದೆ, "ಅರ್ಜೆಂಟು ಅಂತ ನೀವು ಹೇಳ್ಲೇ ಇಲ್ವಲ್ಲ ಸಾರ್," ಅಂದರು.

ಮ್ಯಾನೇಜರು ಹಸಿರು ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ, "ಹೋಗ್ಲಿ ಬಿಡಿ, ಅವನು ಒಂದು ಕ್ಷಮಾಪಣೆ ಬರ್ಕೊಡ್ಲಿ, ಮುಗಿಸೋಣ," ಅಂದರು.

ನನ್ನ ಮೈ ಉರಿದುಹೋಯಿತು. ಯಾರು, ಯಾರಿಗೆ, ಯಾತಕ್ಕೆ ಕ್ಷಮಾಪಣೆ? 'ಒಪ್ಪಿಗೆ ಬಾಕಿ: ಮ್ಯಾನೇಜರ್' ಅಂತ ತೋರಿಸುತ್ತಿದ್ದ ಪರದೆಯನ್ನೇ ಪ್ರಿಂಟ್ ತೆಗೆದು, ಅಡಿಯಲ್ಲಿ ಸಹಿ ಹಾಕಿ, ಮೆಮೋಗೆ ಅವನು ಬರೆದ ಉತ್ತರದ ಜೊತೆ ಪಿನ್ ಮಾಡಿ ಪರ್ಸೊನೆಲ್ ವಿಭಾಗಕ್ಕೆ ಕಳಿಸಿದೆ.

ಸೋಮವಾರ ಮೆಮೋ ವಾಪಸಾಯಿತು. ಆ ವಿಭಾಗದ ತನಿಖೆಯ ವರದಿಯಲ್ಲಿ ಮಾತ್ರ ಕಾರಣ ಹೀಗಿತ್ತು: 'ಸಾಫ್ಟ್‌ವೇರಿನ ದೋಷ.' ಆ ಇಡೀ ಕಟ್ಟಡದಲ್ಲಿ ಹೇಳಿದ ಕೆಲಸವನ್ನು ಹೇಳಿದಂತೆ ಮಾಡಿದ್ದು ಅದೊಂದೇ. ಬಾಯಿಲ್ಲದ್ದು, ಪಾಪ. ಇಂದಿಗೂ ನೆನೆದರೆ ಸಿಟ್ಟು ಬರುತ್ತೆ.

ಅವನು ಪರ್ಮನೆಂಟ್ ಆದ. ಆದ ದಿನವೇ ಹೊಸ ಪ್ರಿಂಟ್ ಹಿಡಿದು ಬಂದ.

"ಇವತ್ತಿಗೆ ಇದ ಖರೇ ನಕ್ಷೆ ಅಂತ ಬರದು ಸಹಿ ಮಾಡ್ರಿ ಸರ. ಆಮ್ಯಾಲ ಡ್ರಿಲ್ ಹಚ್ಚತೀನಿ."

"ನನ್ನ ಮೇಲೂ ನಂಬಿಕೆ ಇಲ್ವೇನಯ್ಯಾ?"

"ಇಲ್ರಿ ಸರ," ಅಂದ, ಬಹಳ ಮರ್ಯಾದೆಯಿಂದ.

ಶನಿವಾರದ ಪದ್ಧತಿ ನನಗೂ ಮೊದಲಿಂದ ಗೊತ್ತಿತ್ತು. ಬರೆದು ಸಹಿ ಹಾಕಿದೆ.