ಚಿತ್ರ ನಿಲ್ಲಿಸಿ ಮಾತು ಉಳಿಸುವ ಫೋನಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ಮೂರನೇ ಮಹಡಿಯ ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ ಇನ್ನೂ ಆರಿಲ್ಲ. ನೆಲ ಒರೆಸಿ ಮುಗಿಸಿದ ಹೆಂಗಸೊಬ್ಬರು ಕೋಲನ್ನು ಗೋಡೆಗೆ ಒರಗಿಸುತ್ತಾರೆ, ಬಕೆಟ್ಟಿನ ನೀರು ಚೆಲ್ಲುತ್ತಾರೆ, ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆಯುತ್ತಾರೆ. ಆಮೇಲೆ ನೀಲಿ ಗೌನು, ಎರಡು ಮಾಸ್ಕು, ಕೈಗವಸು, ತಲೆಗೆ ಟೋಪಿ. ಇಷ್ಟೆಲ್ಲ ತೊಡಲು ಅವರಿಗೆ ಮೂರು ನಿಮಿಷ ಬೇಕು. ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಿ ಹಾಸಿಗೆಗಳ ನಡುವೆ ಚಕ್ರದ ಸ್ಟ್ಯಾಂಡಿನ ಮೇಲೆ ನಿಂತಿರುವ ಹಳೇ ಲ್ಯಾಪ್‌ಟಾಪೊಂದರ ಬೆನ್ನು ತಟ್ಟುತ್ತಾರೆ.

“ಏಳಪ್ಪಾ, ಬೆಳಗಾಯ್ತು. ಏಳು ಗಂಟೆಗೆ ನಿನ್ನ ಮೊದಲನೇ ಗಿರಾಕಿ.”

ಲ್ಯಾಪ್‌ಟಾಪು ಏಳುವುದಿಲ್ಲ. ಫ್ಯಾನು ಗೊರಗೊರ ಎನ್ನುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಗುಂಡಿ ಒತ್ತಿದ ಮೇಲೆ ಮುಖ ಕಾಣಿಸುವ ಹಂತಕ್ಕೆ ಬರಲು ಅದಕ್ಕೆ ಹನ್ನೊಂದು ನಿಮಿಷ ಬೇಕು. ಪಕ್ಕದ ಹಾಸಿಗೆಯಿಂದ ಒಬ್ಬ ರೋಗಿ ಕೆಮ್ಮುತ್ತಲೇ ಹೇಳುತ್ತಾನೆ, “ಅಕ್ಕಾ, ಅದಕ್ಕೂ ಒಂದು ಹಾಸಿಗೆ ಕೊಡಿಸಿ. ನಮಗಿಂತ ಜೋರಾಗಿ ಏದುಸಿರು ಬಿಡ್ತಿದೆ.”

ಇದು ಶ್ವಾಸಕೋಶದ ಸೋಂಕು ಅಂಟಿದವರನ್ನು ಬೇರೆಯಾಗಿಡುವ ವಾರ್ಡು. ಮೂವತ್ತೆಂಟು ಹಾಸಿಗೆ. ಕೆಲವರು ಒಂದು ತಿಂಗಳು ಇರುತ್ತಾರೆ, ಕೆಲವರು ಎಂಟು ತಿಂಗಳು. ಮನೆಯವರು ಒಳಗೆ ಬರುವಂತಿಲ್ಲ, ಒಳಗೆ ಹೋದ ವಸ್ತು ಹೊರಗೆ ಬರುವಂತಿಲ್ಲ. ಹೆಚ್ಚಿನವರ ಮನೆಯಲ್ಲಿರುವುದು ಒಂದೇ ಫೋನು, ಅದು ಮನೆಯಲ್ಲೇ ಉಳಿಯುತ್ತದೆ. ಹಾಗಾಗಿ ಒಳಗಿನವರಿಗೂ ಹೊರಗಿನವರಿಗೂ ನಡುವೆ ಉಳಿದಿರುವುದು ಐದು ಲ್ಯಾಪ್‌ಟಾಪು, ಒಬ್ಬೊಬ್ಬರಿಗೆ ದಿನಕ್ಕೆ ಹತ್ತು ನಿಮಿಷ, ಮತ್ತು ಈ ಹೆಂಗಸು. ವಾರ್ಡು ಅವರನ್ನು ಫೋನಕ್ಕ ಎನ್ನುತ್ತದೆ. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿದೆ, ‘ಸ್ವಚ್ಛತಾ ಸಿಬ್ಬಂದಿ’ ಎಂಬ ತಲೆಬರಹದ ಕೆಳಗೆ. ವಿಡಿಯೋ ಕರೆ ಮಾಡಿಸುವುದು ಅವರ ಕೆಲಸವೆಂದು ಯಾವ ಕಾಗದದಲ್ಲೂ ಬರೆದಿಲ್ಲ.

ಫೋನಕ್ಕನ ವಯಸ್ಸು ನಲವತ್ತಾರು. ಓದಿದ್ದು ಏಳನೇ ತರಗತಿ. ಗಂಡ ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಹದಿನೈದು ದಿನ ಊರಲ್ಲಿರುವುದಿಲ್ಲ. ಹನ್ನೆರಡು ವರ್ಷದ ಹಿಂದೆ ನೆಲ ಒರೆಸಲು ಸೇರಿದವರು, ಒಂದು ದಿನ ಒಬ್ಬ ಅಜ್ಜಿ ಮೊಮ್ಮಗಳನ್ನು ನೋಡಬೇಕೆಂದು ಮೂರು ಹೊತ್ತು ಊಟ ಬಿಟ್ಟಾಗ ತಮ್ಮ ಫೋನನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಗೆ ಒಯ್ದರು. ಅಜ್ಜಿ ಉಂಡರು. ಫೋನಕ್ಕನಿಗೆ ಬೈಗುಳ ಸಿಕ್ಕಿತು, ಫೋನು ಒಳಗೇ ಉಳಿಯಿತು. ಆದರೆ ವಾರ್ಡಿನ ಹಿರಿಯ ದಾದಿ, ಎಲ್ಲರ ಬಾಯಲ್ಲೂ ದೊಡ್ಡ ಸಿಸ್ಟರ್, ಕಚೇರಿಯವರು ಬೇಡವೆಂದು ಮೂಲೆಗೆ ತಳ್ಳಿದ್ದ ಆರು ಲ್ಯಾಪ್‌ಟಾಪುಗಳನ್ನು ಕೇಳಿ ತಂದರು. ಐದು ಒಳಗೆ, ಒಂದು ಕಾರಿಡಾರಿನ ತುದಿಯ ಮೇಜಿನ ಮೇಲೆ. “ನೀನೇ ಹಚ್ಚಿದ ಬೆಂಕಿ, ನೀನೇ ಊದು” ಎಂದು ಕೈತೊಳೆದುಕೊಂಡರು.

“ನಮ್ಮನೆಯವ್ರು ತಮಾಷೆ ಮಾಡ್ತಾರೆ,” ಎನ್ನುತ್ತಾರೆ ಫೋನಕ್ಕ. “ಊರೋರ್ನೆಲ್ಲ ಹತ್ತತ್ತು ನಿಮಿಷ ಮಾತಾಡಿಸ್ತೀಯ, ನನ್ ಜೊತೆ ಐದ್ ನಿಮಿಷಕ್ಕೂ ಗತಿಯಿಲ್ಲ ಅಂತ. ನಾನಂದೆ, ನೀವೂ ಬಂದು ಹಾಸಿಗೆ ಹಿಡೀರಿ, ಹತ್ತು ನಿಮಿಷ ಕೊಡಿಸ್ತೀನಿ.”

ಐದು ಮೆಷಿನ್ನುಗಳಿಗೂ ಅವರು ಹೆಸರಿಟ್ಟಿದ್ದಾರೆ. ಮುದುಕಪ್ಪ, ಸೋಂಬೇರಿ, ಕುಂಟ, ಅಳುಬುರುಕ, ಚುರುಕ. ಚುರುಕ ಎಂಬುದು ಉಳಿದ ನಾಲ್ಕಕ್ಕೆ ಹೋಲಿಸಿ ಕೊಟ್ಟ ಬಿರುದು ಅಷ್ಟೆ. ಪ್ರತಿಯೊಂದರಲ್ಲೂ ಇರುವುದು ನಾಲ್ಕು ಜಿಬಿ ಮೆಮೊರಿ. ಮೆಷಿನ್ನು ತನ್ನ ಹೊಟ್ಟೆಪಾಡಿಗೇ ಎರಡು ಇಟ್ಟುಕೊಳ್ಳುತ್ತದೆ. ಉಳಿದ ಎರಡರಲ್ಲಿ ಕರೆಯ ಆ್ಯಪ್ ಕಾಲು ಚಾಚಬೇಕು. ಮೊದಲು ಹಾಗೂ ಹೀಗೂ ಹಿಡಿಸುತ್ತಿತ್ತು. ಆ್ಯಪಿನ ಕಂಪನಿಯವರು ವರ್ಷಕ್ಕೆ ನಾಲ್ಕು ಬಾರಿ ಏನಾದರೊಂದು ಸೇರಿಸುತ್ತಾ ಬಂದರು. ಹಿನ್ನೆಲೆ ಮಸುಕು ಮಾಡುವುದು, ಮುಖ ತಿದ್ದುವುದು, ತಲೆಯ ಮೇಲೆ ಬೆಕ್ಕಿನ ಕಿವಿ ಮೂಡಿಸುವುದು. ಬೇಡವೆಂದು ಕಿತ್ತುಹಾಕುವ ಹಾಗಿಲ್ಲ. ಅದು ಕಂಪನಿಯ ಸೊತ್ತು, ಒಳಗೇನಿದೆ ಎಂದು ಇಣುಕುವ ಹಾಗೂ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಗೆ ಈ ವಾರ್ಡಿಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಹಾಗಾದರೆ ಬೇರೆ ಆ್ಯಪ್ ಹಾಕಬಾರದೇ? ಆ ಪ್ರಯತ್ನವೂ ಆಗಿದೆ. ವಾರಕ್ಕೊಮ್ಮೆ ಬರುವ ಕಂಪ್ಯೂಟರ್ ರಿಪೇರಿಯವನು ಒಮ್ಮೆ ಹುರುಪಿನಿಂದ ಹಗುರವಾದ ಇನ್ನೊಂದನ್ನು ತುಂಬಿಸಿದ. ಅದಕ್ಕೆ ಯಜಮಾನರಿಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಬೇಡದ್ದನ್ನು ತೆಗೆಯಬಹುದು. ಮುದುಕಪ್ಪನೂ ಅದನ್ನು ನೀರು ಕುಡಿದಂತೆ ಓಡಿಸಿದ. ಆದರೆ ಆ ದಿನ ಮೂವತ್ತೆಂಟು ಮನೆಗಳಲ್ಲಿ ಕರೆಗೆ ಬಂದವರು ಒಂಬತ್ತೇ ಮನೆಯವರು. ಉಳಿದವರು ಉದ್ದದ ವಿಳಾಸ ಟೈಪು ಮಾಡುವಲ್ಲಿ, ಮೈಕಿಗೊಮ್ಮೆ ಕ್ಯಾಮೆರಾಗೊಮ್ಮೆ ಅನುಮತಿ ಕೊಡುವಲ್ಲಿ ಸಿಕ್ಕಿಹಾಕಿಕೊಂಡರು. ಒಬ್ಬ ಮುದುಕರು ಹತ್ತು ನಿಮಿಷವೂ ತಮ್ಮದೇ ಹಣೆಯನ್ನು ನೋಡುತ್ತಾ “ಮಗಾ, ಮಗಾ” ಎಂದು ಕರೆದರು, ಮಗನಿಗೆ ಏನೂ ಕೇಳಿಸಲಿಲ್ಲ. ಹಳೆಯದರಲ್ಲಾದರೆ ಮನೆಯವರು ಮಾಡಬೇಕಾದದ್ದು ಒಂದೇ: ಬಂದ ಸಂದೇಶದ ಮೇಲೆ ಬೆರಳಿಡುವುದು. ಕಣ್ಣು ಮಂಜಾದವರಿಗೂ ಬರುತ್ತದೆ, ಓದು ಬಾರದವರಿಗೂ ಬರುತ್ತದೆ.

ರಿಪೇರಿಯವನು ಬಿಡಲಿಲ್ಲ. “ಕಲಿತ್ಕೋತಾರೆ ಅಕ್ಕಾ. ಒಂದು ವಾರ ಟೈಮ್ ಕೊಡಿ” ಎಂದ.

“ನನ್ ಹತ್ರ ಒಂದು ವಾರ ಇದೆಯಪ್ಪಾ,” ಎಂದರು ಫೋನಕ್ಕ. “ಒಳಗಿರೋರ ಹತ್ರ ಇದೆಯಾ?”

ಮರುದಿನ ಹಳೆಯದೇ ಬಂತು. “ಅವ್ರಿಗೆ ಸುಲಭ ಆಗ್ಬೇಕಂದ್ರೆ ಭಾರ ಇಲ್ಲಿ ಬೀಳುತ್ತೆ. ಯಾರಾದ್ರೂ ಒಬ್ರು ಹೊರ್ಲೇಬೇಕಲ್ವಾ? ಮೆಷಿನ್ ಹೊರ್ಲಿ, ನಾನು ಹೊರ್ತೀನಿ” ಎನ್ನುತ್ತಾರೆ ಅವರು.

ಹೊರುವ ಉಪಾಯಗಳನ್ನು ಅವರೇ ಕಂಡುಕೊಂಡಿದ್ದಾರೆ. ಪ್ರತಿ ಮೂರು ಕರೆಗೊಮ್ಮೆ ಮೆಷಿನ್ನನ್ನು ಪೂರ್ತಿ ಆರಿಸಿ ಹೊತ್ತಿಸುತ್ತಾರೆ. ಅದರ ಕೆಳಗೆ ಎರಡು ಖಾಲಿ ಔಷಧಿ ಡಬ್ಬ ಇಟ್ಟು ಗಾಳಿಯಾಡಿಸುತ್ತಾರೆ. ಎಲ್ಲಕ್ಕಿಂತ ದೊಡ್ಡ ಉಪಾಯ, ಹೊಸ ದಾದಿಯರಿಗೆಲ್ಲ ಅವರು ಕಲಿಸಿಕೊಡುವುದು, ಒಂದೇ ಸಾಲಿನದು: ಮಾತು ಸಿಕ್ಕಿಕೊಂಡರೆ ಚಿತ್ರ ನಿಲ್ಲಿಸು. ಮೆಷಿನ್ನಿಗೆ ಚಿತ್ರ ಭಾರ, ಮಾತು ಹಗುರ. ಐದೂ ಕರೆಗಳ ಕೀಲಿ ಅವರ ಮೇಜಿನ ಮೆಷಿನ್ನಿನಲ್ಲಿದೆ. ಅಲ್ಲಿ ಯಾರ ಮುಖವನ್ನೂ ಅವರು ತೆರೆದಿಡುವುದಿಲ್ಲ, ಯಾರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ಗಂಡ ಹೆಂಡಿರ ಮಾತು ನಮಗ್ಯಾಕೆ ಎನ್ನುವ ಮರ್ಯಾದೆ. ಮಾತು ಬಂದಾಗ ಅಲ್ಲಾಡುವ ಐದು ಹಸಿರು ಗೆರೆ ಮಾತ್ರ ಕಾಣುತ್ತದೆ. ಗೆರೆ ಅಲ್ಲಾಡದೆ ಮಲಗಿತೆಂದರೆ ಮಾತು ಸಿಕ್ಕಿಕೊಂಡಿತು ಎಂದರ್ಥ. ಕೂಡಲೇ ಎರಡೂ ಕಡೆಯ ಚಿತ್ರ ನಿಲ್ಲಿಸುತ್ತಾರೆ, ಗೆರೆ ಎದ್ದು ಕುಣಿಯುತ್ತದೆ. ಈ ಉಪಾಯದಿಂದ ಉಳಿದ ಕರೆಗಳು ಸಾವಿರ ದಾಟಿರಬೇಕು. ಅವರು ಎಣಿಸಿಲ್ಲ.

ಈ ಹೆಮ್ಮೆಯ ಉಪಾಯವೇ ಒಂದು ದಿನ ಅವರ ಕೈ ಸುಟ್ಟಿತು.

ನಾಲ್ಕು ತಿಂಗಳ ಹಿಂದೆ ಏಳನೇ ಹಾಸಿಗೆಗೆ ಒಬ್ಬ ದರ್ಜಿ ಬಂದ. ಮೂವತ್ತೈದರ ಆಸುಪಾಸು. ಮೂಗು ಬಾಯಿ ಮುಚ್ಚಿದ ಆಮ್ಲಜನಕದ ಮಾಸ್ಕು, ಎರಡು ಮಾತಾಡಿದರೆ ನಾಲ್ಕು ಬಾರಿ ಉಸಿರೆಳೆಯಬೇಕು. ಮರುದಿನ ಬೆಳಿಗ್ಗೆ ಅವನ ಮೊದಲ ಕರೆ. ದಾಖಲಾತಿಯವರು ಬರೆದುಕೊಟ್ಟ ಚೀಟಿಯಲ್ಲಿ ಹಾಸಿಗೆ ನಂಬರು, ಹೆಂಡತಿಯ ಫೋನ್ ನಂಬರು, ಅಷ್ಟೇ. ಕರೆ ಸೇರಿತು. ಫೋನಕ್ಕ ಮೇಜಿನಲ್ಲಿ ಕೂತು ಗೆರೆ ನೋಡಿದರು. ಗೆರೆ ಅಲ್ಲಾಡುತ್ತಿಲ್ಲ. ಒಂದು ನಿಮಿಷ ಕಾದರು. ಏಳನೇ ಹಾಸಿಗೆಯ ಪಕ್ಕದಲ್ಲಿದ್ದದ್ದು ಮುದುಕಪ್ಪ, ಅವನ ಬಗ್ಗೆ ಅನುಮಾನಪಡಲು ಹೆಚ್ಚು ಹೊತ್ತು ಬೇಕಿಲ್ಲ. ಚಿತ್ರ ನಿಲ್ಲಿಸಿದರು. ಗೆರೆ ಆಗಲೂ ಏಳಲಿಲ್ಲ.

“ಹೆಂಡ್ತಿ ಕಿವುಡಿ, ಮಾತೂ ಇಲ್ಲ ಅಂತ ನಂಗ್ಯಾರೂ ಹೇಳಿರ್ಲಿಲ್ಲ,” ಎನ್ನುತ್ತಾರೆ ಫೋನಕ್ಕ. “ಅವ್ರಿಬ್ರೂ ಮದುವೆಯಾದಾಗಿಂದ ಕೈಯಲ್ಲೇ ಮಾತಾಡೋರು. ಮಾತು ಸಿಕ್ಕಿಕೊಂಡೇ ಇರ್ಲಿಲ್ಲ ಅಲ್ಲಿ. ಚೆನ್ನಾಗೇ ನಡೀತಿತ್ತು. ಬಾಯಿ ಕಟ್ಟಿದ್ದು ನಾನು.”

ಐದು ನಿಮಿಷ ಕಳೆದರೂ ಗೆರೆ ಏಳದಿದ್ದಾಗ ಅವರು ಎದ್ದು ಗಾಜಿನ ಬಾಗಿಲ ಬಳಿ ಹೋದರು. ದರ್ಜಿ ಕಪ್ಪು ಪರದೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಅವನ ಎರಡೂ ಕೈಗಳು ಗಾಳಿಯಲ್ಲಿ ಆಡುತ್ತಿದ್ದವು. ತನಗೆ ಹೆಂಡತಿ ಕಾಣದಿದ್ದರೂ ಅವಳಿಗೆ ತಾನು ಕಾಣುತ್ತಿರಬಹುದು ಎಂದುಕೊಂಡಿರಬೇಕು. ಫೋನಕ್ಕ ಮೇಜಿಗೆ ಓಡಿ ಬಂದು ಚಿತ್ರದ ಗುಂಡಿ ಒತ್ತಿದರು. ಚಿತ್ರ ಬರುವ ಬದಲು ಮುದುಕಪ್ಪ ಅಲ್ಲೇ ಕಲ್ಲಾದ. ಮತ್ತೆ ಬಾಗಿಲಿಗೆ ಓಡಿ ಗೌನು ತೊಡುತ್ತಾ ಗಾಜಿನಾಚೆಗೆ ನೋಡುತ್ತಲೇ ಇದ್ದರು. ಆ ಮೂರು ನಿಮಿಷವೂ ಅವನು ಒಂದೇ ಮಾತನ್ನು ಹೇಳುತ್ತಿದ್ದ ಹಾಗಿತ್ತು, ಮತ್ತೆ ಮತ್ತೆ ಅವೇ ಮೂರು ಚಲನೆ. ಒಳಗೆ ಹೋಗುವಷ್ಟರಲ್ಲಿ ದಿಂಬಿಗೆ ಒರಗಿದ್ದ.

ಮೆಷಿನ್ನು ಮತ್ತೆ ಹೊತ್ತಿಸಲು ಹನ್ನೊಂದು ನಿಮಿಷ. ಅಷ್ಟರಲ್ಲಿ ಮುಂದಿನವರ ಸರದಿ ಬಂದಿತ್ತು, ದರ್ಜಿ ನಿದ್ದೆಗೆ ಜಾರಿದ್ದ. ನಾಳೆ ಮೊದಲ ಕರೆ ಇವನದೇ, ಚುರುಕನನ್ನೇ ಕೊಡುತ್ತೇನೆ ಎಂದು ಫೋನಕ್ಕ ಕೈಮೇಲೆ ಪೆನ್ನಿನಲ್ಲಿ ಬರೆದುಕೊಂಡರು. ಬೆಳಿಗ್ಗೆ ಐದೂವರೆಗೆ ಚುರುಕನನ್ನು ತಳ್ಳಿಕೊಂಡು ಹೋದಾಗ ಏಳನೇ ಹಾಸಿಗೆ ಖಾಲಿಯಿತ್ತು, ಹೊದಿಕೆ ಬದಲಾಗಿತ್ತು.

ದೊಡ್ಡ ಸಿಸ್ಟರ್ ಸಮಾಧಾನ ಹೇಳಿದರು, ನಿನ್ನ ತಪ್ಪಲ್ಲ, ಚೀಟಿಯದು ಎಂದರು. ಚೀಟಿ ಬರೆದವರು ಅದನ್ನೆಲ್ಲ ಕೇಳದ ಅಚ್ಚಿನ ನಮೂನೆಯದು ಎಂದರು. ಆ್ಯಪಿನವರನ್ನು ಕೇಳಿದ್ದರೆ ಹಳೇ ಮೆಷಿನ್ನಿನದು ಎನ್ನುತ್ತಿದ್ದರೇನೋ. ಯಾರ ಮೇಲೂ ನಿಲ್ಲದೆ ಕೈಯಿಂದ ಕೈಗೆ ಹೋದ ತಪ್ಪು ಕೊನೆಗೆ ನೆಲ ಒರೆಸುವವರ ಹೆಗಲ ಮೇಲೆ ಬಂದು ಕೂತಿದೆ. ಫೋನಕ್ಕ ಅದನ್ನು ಇಳಿಸಿಲ್ಲ. ಅವರ ರಿಜಿಸ್ಟರಿನಲ್ಲಿ ಈಗ ಅಚ್ಚಾದ ಮೂರು ಕಾಲಮ್ಮುಗಳ ಪಕ್ಕ ಸ್ಕೇಲಿಟ್ಟು ಎಳೆದ ನಾಲ್ಕನೆಯದೊಂದಿದೆ: ‘ಹೇಗೆ ಮಾತಾಡ್ತಾರೆ?’ ಪ್ರತಿ ಮನೆಗೂ ಮೊದಲೇ ಫೋನು ಮಾಡಿ ಕೇಳುತ್ತಾರೆ. ಕೆಲವರು ಸಿಡುಕುತ್ತಾರೆ, ಬಾಯಲ್ಲೇ ಮಾತಾಡ್ತೀವಮ್ಮ, ಇನ್ಯಾವುದರಲ್ಲಿ ಮಾತಾಡ್ತಾರೆ ಎನ್ನುತ್ತಾರೆ.

ಈಚೆಗೆ ಇನ್ನೊಂದು ಚಿಂತೆ ಸೇರಿಕೊಂಡಿದೆ. ಆ್ಯಪಿನ ಹೊಸ ಆವೃತ್ತಿ ಹಾಕಿಕೊಳ್ಳಿ ಎಂದು ಪರದೆ ದಿನಾ ಕೇಳುತ್ತಿತ್ತು. ಎರಡು ತಿಂಗಳಿಂದ ಫೋನಕ್ಕ ‘ನಂತರ’ ಎಂಬ ಗುಂಡಿ ಒತ್ತುತ್ತಾ ಬಂದರು. ಈ ವಾರದಿಂದ ‘ನಂತರ’ ಎಂಬ ಗುಂಡಿಯೇ ಮಾಯ. ತಿಂಗಳ ಕೊನೆಗೆ ಹಳೆಯದು ನಿಲ್ಲುತ್ತದಂತೆ, ಹೊಸದಕ್ಕೆ ಎಂಟು ಜಿಬಿ ಬೇಕಂತೆ. ಇವರಲ್ಲಿರುವುದು ನಾಲ್ಕು. ಕಚೇರಿಗೆ ಮೂರು ಅರ್ಜಿ ಹೋಗಿದೆ, ಉತ್ತರ ಬಂದಿಲ್ಲ. ಈ ತಿಂಗಳು ಮುಗಿದ ಮೇಲೆ ಮೂವತ್ತೆಂಟು ಹಾಸಿಗೆಗಳಿಗೆ ಏನು ಹೇಳಬೇಕೆಂದು ಅವರಿಗೆ ತಿಳಿದಿಲ್ಲ.

ನಿಮಗೇನು ಬೇಕು ಎಂದು ಕೇಳಿದರೆ ಫೋನಕ್ಕ ಹೇಳುವುದು ಇಷ್ಟೇ. “ಮುಖ ಬೇಕೋ ಮಾತು ಬೇಕೋ ಅಂತ ಕೇಳ್ದೇ ಇರೋ ಒಂದು ಮೆಷಿನ್. ಐದು ಬೇಡ, ಒಂದು ಸಾಕು. ಕೈಯಲ್ಲಿ ಮಾತಾಡೋರಿಗೆ ಅಂತ ಇಟ್ಕೋತೀನಿ.”

ಆಮೇಲೆ, ಕೇಳದೆಯೇ, ದರ್ಜಿಯ ಹೆಂಡತಿ ಬಂದ ದಿನದ ಮಾತು ತೆಗೆಯುತ್ತಾರೆ. ಗಂಡನ ಮರಣದ ಕಾಗದಪತ್ರಕ್ಕೆಂದು ಹದಿನೈದು ದಿನದ ಮೇಲೆ ಆಕೆ ತನ್ನ ಅಕ್ಕನ ಜೊತೆ ಬಂದಿದ್ದಳು. ಫೋನಕ್ಕ ಕಾರಿಡಾರಿನಲ್ಲೇ ಆಕೆಯ ಮುಂದೆ ನಿಂತು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು, ಅಕ್ಕ ಅದನ್ನು ಕೈಯಲ್ಲಿ ತಂಗಿಗೆ ಹೇಳಿದಳು. ಬೈಯಲಿ, ಹೊಡೆದರೂ ಹೊಡೆಯಲಿ ಎಂದು ಕಾದರು. ಆಕೆ ಕೈಯಲ್ಲಿ ಏನೋ ಕೇಳಿದಳು.

“ಪರದೆ ಕಪ್ಪಾದ್ಮೇಲೆ ಅವ್ರು ಏನಂದ್ರು ಅಂತ ಕೇಳ್ತಿದಾಳೆ,” ಎಂದಳು ಅಕ್ಕ.

ಫೋನಕ್ಕ ಬಕೆಟ್ಟು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. ಗಾಜಿನಾಚೆ ಕಂಡದ್ದನ್ನು ಕಂಡ ಹಾಗೆ ಮಾಡಿ ತೋರಿಸಿದರು. ಬಲಗೈಯ ಎರಡು ಬೆರಳನ್ನು ಎಡ ಅಂಗೈ ಮೇಲೆ ಎಳೆದರು, ಅದೇ ಕೈಯನ್ನು ಕಿವಿಯ ಬಳಿಗೆ ಒಯ್ದರು, ಆಮೇಲೆ ಅಂಗೈ ಅಗಲಿಸಿ ಎದೆಯ ಮುಂದೆ ಎರಡು ಬಾರಿ ಇಳಿಸಿದರು. ಆಕೆ ಇನ್ನೊಮ್ಮೆ ಎಂದು ಸನ್ನೆ ಮಾಡಿದಳು. ಇನ್ನೊಮ್ಮೆ ಮಾಡಿದರು. ಮೂರನೇ ಸಲ ಆಕೆ ಮುಂದೆ ಬಂದು ಫೋನಕ್ಕನ ತೋರುಬೆರಳನ್ನು ಹಿಡಿದು ಸ್ವಲ್ಪ ಬಾಗಿಸಿ ಸರಿಮಾಡಿದಳು, ಹೀಗಾ ಎನ್ನುವಂತೆ ಮುಖ ನೋಡಿದಳು. ಹೌದು, ಹಾಗೇ ಎಂದು ಫೋನಕ್ಕ ತಲೆಯಾಡಿಸಿದರು. ಆಕೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅತ್ತಳು. ಎದ್ದು ಹೋಗುವಾಗ ಫೋನಕ್ಕನ ಎರಡೂ ಕೈಗಳನ್ನು ತನ್ನ ಕಣ್ಣಿಗೊತ್ತಿಕೊಂಡಳು. ಆ ಮೂರು ಚಲನೆಯ ಅರ್ಥ ಹೇಳಲೆಂದು ಅಕ್ಕ ಬಾಯಿ ತೆರೆದಾಗ ಫೋನಕ್ಕನೇ ತಡೆದರು.

“ಬೇಡ ಅಂದೆ. ಅದು ನಂಗೆ ಹೇಳಿದ್ ಮಾತಲ್ಲ,” ಎನ್ನುತ್ತಾರೆ, ನೆಲ ಒರೆಸುವ ಕೋಲನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾ. “ತಲುಪಿಸೋದು ನನ್ ಕೆಲಸ. ತಡವಾಯ್ತು. ಆದ್ರೆ ತಲುಪಿಸ್ದೆ.”